ನಾಲ್ಕು ಊರ ಬೋರ್ಡು

ಒಂದೇ ಅಳತೆಯ ನಾಲ್ಕು ತಗಡು ತೆಗೆದುಕೊಂಡು ಒಂದೊಂದರ ಮೇಲೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ತುಂಬ ಬರೆಯಿರಿ. ಬಸ್ಸಿನ ಮುಂದಿನ ಗಾಜಿಗೆ ಒರಗಿಸುವಂಥ ಬೋರ್ಡು. ದೂರ ನಿಂತು ನೋಡಿದರೆ ಜಗಳೂರಿನ ಅಕ್ಷರಗಳೇ ಎದ್ದು ಕಾಣುತ್ತವೆ. ಚನ್ನಗಿರಿ ಸಣ್ಣದಾಗಿ ಕೂತಿರುತ್ತದೆ. ಕಾರಣ ಸರಳ. ಜಗಳೂರು ಎಂಬ ಹೆಸರಿನಲ್ಲಿ ಒತ್ತಕ್ಷರ ಇಲ್ಲ. ಕುಂಚ ಹಿಡಿದವರು ತಗಡಿನ ಮೇಲಂಚಿನಿಂದ ಕೆಳಂಚಿನವರೆಗೂ ಅಕ್ಷರ ಎಳೆಯಬಹುದು. ಚನ್ನಗಿರಿಯಲ್ಲಿ ಹಾಗಲ್ಲ, ‘ನ’ದ ಕೆಳಗೆ ಇನ್ನೊಂದು ‘ನ’ ಬಂದು ಕೂರಬೇಕು. ಒಂದು ಒತ್ತಿಗೆ ಜಾಗ ಬಿಡುವುದಕ್ಕಾಗಿ ಚ, ಗಿ, ರಿ ಮೂರೂ ಕುಗ್ಗಬೇಕು.

ಹೊನ್ನಾಳಿಯ ಕಷ್ಟ ಬೇರೆ. ಒತ್ತು ಇಲ್ಲೂ ಇದೆ, ಜೊತೆಗೆ ‘ಹೊ’ ಮೇಲಕ್ಕೂ ಬಲಕ್ಕೂ ಚಾಚಿಕೊಳ್ಳುತ್ತದೆ, ‘ನ್ನಾ’ದ ದೀರ್ಘ ಇನ್ನಷ್ಟು ಅಗಲ ಬೇಡುತ್ತದೆ. ಮೂರೇ ಅಕ್ಷರದ ಹೆಸರು, ಜಾಗ ನಾಲ್ಕರದ್ದು. ಎಲ್ಲಕ್ಕಿಂತ ತಂಟೆಯದು ನ್ಯಾಮತಿ. ‘ಯ’ ಒತ್ತು ‘ನ’ ಒತ್ತಿನಂತೆ ನೆಟ್ಟಗೆ ಕೆಳಗೆ ಕೂರುವುದಿಲ್ಲ. ಬಲಕ್ಕೆ ಜಾರಿ ಬಾಲ ಎತ್ತುತ್ತದೆ. ಪಕ್ಕದ ‘ಮ’ ಮೊದಲೇ ಅಗಲ. ಎರಡಕ್ಕೂ ನಡುವೆ ಎಷ್ಟು ಅಂತರ ಬಿಡಬೇಕು? ಹೆಚ್ಚಾದರೆ ‘ನ್ಯಾ’ ಒಂದು ಕಡೆ, ‘ಮತಿ’ ಒಂದು ಕಡೆ ಆಗಿ ಹೆಸರೇ ಒಡೆದಂತೆ ಕಾಣುತ್ತದೆ. ಕಡಿಮೆಯಾದರೆ ಒತ್ತಿನ ಬಾಲ ‘ಮ’ಕ್ಕೆ ತಾಗುತ್ತದೆ. ಬೋರ್ಡು ಬರೆಯುವವರು ಇದನ್ನು ಕಣ್ಣಳತೆಯಲ್ಲೇ ಬಗೆಹರಿಸುತ್ತಾರೆ. ಕಾಲೇಜಿನಲ್ಲಿ ಇದಕ್ಕೆ ಕರ್ನಿಂಗ್ ಎಂಬ ಹೆಸರಿದೆ, ಪರೀಕ್ಷೆಯಲ್ಲಿ ಅಂಕವೂ ಇದೆ.

ಇನ್ನೊಂದು ಸಂಗತಿ. ಈ ನಾಲ್ಕೂ ಹೆಸರುಗಳಲ್ಲಿ ತಲೆಕಟ್ಟಿಲ್ಲದ ಅಕ್ಷರ ಒಂದೇ, ಜಗಳೂರಿನ ‘ಜ’. ಉಳಿದವೆಲ್ಲ ತಲೆಕಟ್ಟು ಇಟ್ಟುಕೊಂಡೇ ಹುಟ್ಟಿದವು. ಗುಡಿಸು ಬಂದಾಗ ಆ ತಲೆಕಟ್ಟೇ ಸುರುಳಿಯಾಗುತ್ತದೆ. ಹಾಗಾಗಿ ಅಕ್ಷರ ಬರೆಯುವುದನ್ನು ಕಲಿಯುವವರು ಒಂದು ತಲೆಕಟ್ಟಿನ ಕೋನ, ದಪ್ಪ, ಉದ್ದ ತೀರ್ಮಾನಿಸಿಕೊಂಡರೆ ವರ್ಣಮಾಲೆಯ ಬಹುಭಾಗಕ್ಕೆ ಚಹರೆ ಬಂದುಬಿಡುತ್ತದೆ. ಆಮೇಲೆ ಖ, ಜ, ಟ, ಣ, ಬ, ಲಗಳು ಆ ಗುಂಪಿನಲ್ಲಿ ಪರಕೀಯ ಅನ್ನಿಸದಂತೆ ನೋಡಿಕೊಳ್ಳುವುದೇ ದೊಡ್ಡ ಕೆಲಸ.

ಗ್ರಾಫಿಕ್ ಡಿಸೈನ್ ಓದುವವರಿಗೆ ಟೈಪೋಗ್ರಫಿ ಎಂದರೆ ಇಂಥ ಲೆಕ್ಕಾಚಾರವೇ: ಅಕ್ಷರದ ಆಕಾರ, ಅಕ್ಷರದ ನಡುವಿನ ಬಯಲು, ಸಾಲಿನ ನಡುವಿನ ಬಯಲು. ಈ ನಾಲ್ಕು ತಾಲ್ಲೂಕಿನ ಮಕ್ಕಳಿಗೆ ತಮ್ಮದೇ ಜಿಲ್ಲೆಯಲ್ಲಿರುವ ಕಲಾ ಕಾಲೇಜು ದಾವಣಗೆರೆಯದು. 1964ರಲ್ಲಿ ಕಲಾಶಾಲೆಯಾಗಿ ಶುರುವಾದದ್ದು ಈಗ ದಾವಣಗೆರೆ ವಿಶ್ವವಿದ್ಯಾಲಯದ ದೃಶ್ಯಕಲಾ ಮಹಾವಿದ್ಯಾಲಯ. ವಿಶ್ವವಿದ್ಯಾಲಯ ಬಂದದ್ದು 2009ರಲ್ಲಿ, ಜಿಲ್ಲೆ ಆದದ್ದು 1997ರಲ್ಲಿ. ಕಲಾಶಾಲೆ ಎರಡಕ್ಕಿಂತಲೂ ಹಿರಿದು. ಚಿತ್ರಕಲೆ, ಶಿಲ್ಪಕಲೆಗಳ ಜೊತೆ ಅನ್ವಯಿಕ ಕಲೆಯೂ ಅಲ್ಲಿದೆ. ಪೋಸ್ಟರು, ಲೋಗೊ, ಪುಸ್ತಕದ ಮುಖಪುಟ, ಜಾಹೀರಾತು ಎಲ್ಲ ಈ ಅನ್ವಯಿಕ ಕಲೆಯ ಕೆಲಸಗಳು; ಅಕ್ಷರ ಇಲ್ಲದೆ ಇವುಗಳಲ್ಲಿ ಯಾವುದೂ ಆಗುವುದಿಲ್ಲ. ಜಿಲ್ಲೆಯ ವಿಷಯ ಬಂದದ್ದರಿಂದ ಹೇಳುತ್ತೇನೆ, ಹೊನ್ನಾಳಿ, ಚನ್ನಗಿರಿ ಆಗ ಈ ಜಿಲ್ಲೆಗೆ ಬಂದದ್ದು ಶಿವಮೊಗ್ಗದಿಂದ, ಜಗಳೂರು ಬಂದದ್ದು ಚಿತ್ರದುರ್ಗದಿಂದ. ‘ಚಿತ್ರದುರ್ಗ’ದಲ್ಲಿ ಒಂದು ಒತ್ತು, ಒಂದು ಅರ್ಕಾವತ್ತು, ‘ಶಿವಮೊಗ್ಗ’ದಲ್ಲಿ ಒಂದು ಒತ್ತು, ‘ದಾವಣಗೆರೆ’ಯಲ್ಲಿ ಏನೂ ಇಲ್ಲ. ಕಚೇರಿ ಬೋರ್ಡು ಹೊಸದಾಗಿ ಬರೆದವರಿಗೆ ಅಷ್ಟರಮಟ್ಟಿಗೆ ಕೆಲಸ ಹಗುರ!

ಕಲಿಕೆ ಪೆನ್ಸಿಲು, ಸ್ಕೇಲು, ಚೌಕುಳಿ ಗೆರೆಗಳಿಂದ ಮೊದಲಾಗುತ್ತದೆ. ಅಗಲ ನಿಬ್ಬು ಹಿಡಿದು ಬರೆದಾಗ ಗೆರೆ ಎಲ್ಲಿ ದಪ್ಪ, ಎಲ್ಲಿ ತೆಳು ಎಂಬುದು ಕೈಗೆ ತಿಳಿಯುತ್ತದೆ. ಆಮೇಲೆ ಪೋಸ್ಟರ್ ಬಣ್ಣ, ಕೊನೆಗೆ ಕಂಪ್ಯೂಟರು. ಕಂಪ್ಯೂಟರಿನ ಭಾಗ ಎಲ್ಲ ಊರಿನಲ್ಲೂ ಒಂದೇ ಥರ, ಅದನ್ನು ವಿವರಿಸುವುದರಲ್ಲಿ ಸ್ವಾರಸ್ಯವಿಲ್ಲ. ಆದರೆ ಒಂದು ತೊಡಕನ್ನು ಹೇಳಲೇಬೇಕು. ಈ ವಿದ್ಯೆಯ ಪಠ್ಯಪುಸ್ತಕಗಳಲ್ಲಿ ಹೆಚ್ಚಿನವು ರೋಮನ್ ಲಿಪಿಯನ್ನು ಎದುರಿಗಿಟ್ಟುಕೊಂಡು ಬರೆದವು. ಗ್ಯಾರಮಂಡ್, ಹೆಲ್ವೆಟಿಕಾ ಫಾಂಟುಗಳ ಉದಾಹರಣೆ ಕೊಡುತ್ತವೆ. ಅಲ್ಲಿ ಅಕ್ಷರಗಳು ಒಂದು ಗೆರೆಯ ಮೇಲೆ ಪಕ್ಕಪಕ್ಕ ನಡೆಯುತ್ತವೆ. ನಮ್ಮ ಅಕ್ಷರ ಮಾಳಿಗೆ ಮನೆ. ಮೇಲೆ ಗುಡಿಸು, ಎತ್ವ, ಕೆಳಗೆ ಒತ್ತು. ರೋಮನ್ನಿಗೆ ಸಾಕಾಗುವ ಸಾಲಂತರದಲ್ಲಿ ಕನ್ನಡ ಇಟ್ಟರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಸೀಸದ ಮೊಳೆ ಜೋಡಿಸುತ್ತಿದ್ದ ಕಾಲದ ಕಂಪಾಸಿಟರುಗಳಿಗೆ ಇದನ್ನು ಯಾರೂ ಹೇಳಿಕೊಡಬೇಕಿರಲಿಲ್ಲ. ಗುಣಿತಕ್ಕೊಂದು ಮೊಳೆ, ಒತ್ತಿಗೊಂದು ಮೊಳೆ ಎಂದು ಅವರ ಕೇಸಿನಲ್ಲಿ ನೂರಾರು ಮನೆಗಳಿದ್ದವು, ಬೆರಳಿಗೆ ಎಲ್ಲದರ ವಿಳಾಸ ಗೊತ್ತಿತ್ತು.

ಹೊನ್ನಾಳಿಯ ಸೇತುವೆ ದಾಟುವಾಗ ಕೆಳಗೆ ಹರಿಯುವುದು ತುಂಗಭದ್ರೆ. ಮೇಲೆ ಕೂಡ್ಲಿಯಲ್ಲಿ ಭದ್ರೆ ಸೇರುವವರೆಗೂ ಅದು ಬರಿಯ ತುಂಗೆ. ಆ ತುಂಗೆಯ ಹೆಸರಿನ ಫಾಂಟು ವಿಂಡೋಸ್ ಎಕ್ಸ್‌ಪಿಯ ಜೊತೆಗೆ ನಮ್ಮ ಕಂಪ್ಯೂಟರುಗಳಿಗೆ ಬಂತು. ಯೂನಿಕೋಡ್ ಕನ್ನಡವನ್ನು ಬಹಳ ಮಂದಿ ಮೊದಲು ಕಂಡದ್ದು ‘ತುಂಗಾ’ದಲ್ಲಿ. ಅದನ್ನು ರೂಪಿಸಿದ ತಂಡದ ಹಿರಿಯರು ಮರಾಠಿ ಕವಿ, ಸುಲೇಖನಕಾರ ರಘುನಾಥ ಕೃಷ್ಣ ಜೋಶಿ (1936–2008). ಹಿಂದಿ, ಮರಾಠಿಗೆ ‘ಮಂಗಲ್’, ತಮಿಳಿಗೆ ‘ಲತಾ’, ತೆಲುಗಿಗೆ ‘ಗೌತಮಿ’ ಕೂಡ ಅವರ ಮಾರ್ಗದರ್ಶನದಲ್ಲೇ ಆದವು. ಅವರು ಮೇಷ್ಟರೂ ಹೌದು. ಮುಂಬೈ ಐಐಟಿಯ ವಿನ್ಯಾಸ ಕೇಂದ್ರದಲ್ಲಿ ವರ್ಷಗಟ್ಟಲೆ ಅಕ್ಷರದ ಪಾಠ ಮಾಡಿದರು. ನಮ್ಮ ದೇಶದಲ್ಲಿ ಅಕ್ಷರವಿನ್ಯಾಸ ಒಂದು ಓದಬೇಕಾದ ವಿಷಯವಾಗಿ ನಿಂತದ್ದರಲ್ಲಿ ಅವರ ಪಾಲು ದೊಡ್ಡದು. ‘ತುಂಗಾ’ ಚೆಲುವಾದ ಫಾಂಟು ಎಂದು ನಾನಂತೂ ಹೇಳಲಾರೆ, ಸ್ವಲ್ಪ ಸೊರಗಿದ ಮೈ ಅದರದು. ಆದರೂ ನಮ್ಮ ಹೊಳೆಯ ಹೆಸರಿನ ಅಕ್ಷರಕ್ಕೆ ಮುಂಬೈಯವರೊಬ್ಬರು ಇಷ್ಟು ದುಡಿದರಲ್ಲ ಎಂಬುದು ಆ ಸೇತುವೆಯ ಮೇಲೆ ನೆನಪಾಗುತ್ತದೆ.

ಹೊಳೆಯ ಆಚೀಚೆ ಇನ್ನೂ ಹಳೆಯ ಪಠ್ಯ ಬಿದ್ದಿದೆ. ಬಿ.ಎಲ್. ರೈಸ್ ಸಂಪಾದಿಸಿದ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೇ ಸಂಪುಟದಲ್ಲಿ (1902) ಹೊನ್ನಾಳಿ, ಚನ್ನಗಿರಿ ತಾಲ್ಲೂಕಿನ ಶಾಸನಗಳಿವೆ, 11ನೇ ಸಂಪುಟದಲ್ಲಿ (1903) ಜಗಳೂರಿನವು. ನ್ಯಾಮತಿ ಆಗ ಬೇರೆ ತಾಲ್ಲೂಕಾಗಿರಲಿಲ್ಲ. ಹಳಗನ್ನಡದ ಕಲ್ಲುಗಳಲ್ಲಿ ಒತ್ತಕ್ಷರ ಮೇಲಿನ ಅಕ್ಷರದ ನೇರ ಕೆಳಗೆ, ಅದರ ಸಮಸಮಕ್ಕೆ ಕೂತಿರುತ್ತದೆ. ಸಂಕೋಚದಿಂದ ಮೂಲೆ ಸೇರಿದ ಇಂದಿನ ಒತ್ತಿನ ಹಾಗಲ್ಲ. ವಿದ್ಯಾರ್ಥಿಗಳನ್ನು ಒಂದು ದಿನ ನ್ಯಾಮತಿ ತಾಲ್ಲೂಕಿನ ಬೆಳಗುತ್ತಿಗೆ ಕರೆದೊಯ್ದು ಕಲ್ಲಿನ ಮುಂದೆ ಕೂರಿಸಿದರೆ ಅರ್ಧ ವರ್ಷದ ಪಾಠ ಆದೀತು ಎಂದು ನನ್ನ ಲೆಕ್ಕ.

ಕಲಿತವರಿಗೆ ಕೆಲಸ ಎಲ್ಲಿ? ತಾಲ್ಲೂಕು ಕೇಂದ್ರಗಳಲ್ಲಿ ಕುಂಚದ ಕೆಲಸವನ್ನು ಫ್ಲೆಕ್ಸ್ ನುಂಗಿದೆ. ಹುಟ್ಟುಹಬ್ಬದ ಶುಭಾಶಯ, ಶ್ರದ್ಧಾಂಜಲಿ, ಜಾತ್ರೆಯ ಸ್ವಾಗತ, ಮದುವೆ ಕಾರ್ಡು, ಎಲ್ಲಕ್ಕೂ ಅದೇ ನಾಲ್ಕಾರು ನುಡಿ, ಬರಹ ಫಾಂಟುಗಳು. ಹೆಸರು ಉದ್ದವಾದರೆ ಮೌಸಿನಲ್ಲಿ ಹಿಡಿದು ಪಕ್ಕದಿಂದ ಅಮುಕುತ್ತಾರೆ; ಗಂಡಿನ ಕಡೆಯವರ ಹೆಸರು ಸಪೂರ, ಹೆಣ್ಣಿನ ಕಡೆಯವರದು ಗುಂಡಗೆ. ಅರ್ಜೆಂಟು ಎನ್ನುವ ಗಿರಾಕಿಯ ಎದುರು ಕೂತವರನ್ನು ದೂರುವಂತಿಲ್ಲ. ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾಯ್ದೆ ತಿದ್ದುಪಡಿಯಾಯಿತು. ಜಾಗವೇನೋ ಸಿಕ್ಕಿತು. ಆ ಜಾಗದಲ್ಲಿ ಇಂಗ್ಲಿಷಿನ ಲೋಗೊ ಒಪ್ಪವಾಗಿ, ಕನ್ನಡ ಮಾತ್ರ ಎಳೆದು ಹಿಗ್ಗಿಸಿದ ಅಕ್ಷರದಲ್ಲಿ ನಿಂತಿರುತ್ತದೆ. ಇಲ್ಲಿ ಕಲಿತವರು ಮಾಡಬೇಕಾದ ಕೆಲಸ ಇದನ್ನು ಸರಿಪಡಿಸುವುದೇ ಅಲ್ಲವೇ?

ಕನ್ನಡಕ್ಕೆ ಹೊಸ ಫಾಂಟುಗಳು ಬರುತ್ತಿಲ್ಲ ಎಂದಲ್ಲ. ವೈಷ್ಣವಿ ಮೂರ್ತಿ ಸಹವಿನ್ಯಾಸಕಿಯಾಗಿ ಮಾಡಿದ ‘ಅಕಾಯ’ದಲ್ಲಿ ಕೈಬರಹದ ಲಾಲಿತ್ಯವಿದೆ. ‘ಹುಬ್ಬಳ್ಳಿ’ ಎಂಬ ಫಾಂಟನ್ನು ಅಮೆರಿಕದ ಎರಿನ್ ಮೆಕ್‌ಲಾಫ್ಲಿನ್ ಬರೆದರು. ‘ಬೆಣ್ಣೆ’ ಎಂಬುದೂ ಗೂಗಲಿನಲ್ಲಿ ಪುಕ್ಕಟೆ ಸಿಗುತ್ತದೆ, ಬೆಣ್ಣೆದೋಸೆಯ ದಾವಣಗೆರೆಯವರು ನಮ್ಮದೇ ಎಂದುಕೊಳ್ಳಲು ಅಡ್ಡಿಯಿಲ್ಲ. ಆದರೆ ಅಕ್ಷರ ಬರೆಯುವ ಒಲವಿದ್ದವರು ಓದು ಮುಗಿದ ಮೇಲೆ ಬೆಂಗಳೂರಿನ ಬಸ್ಸು ಹತ್ತುತ್ತಾರೆ. ಅಲ್ಲಿ ಆ್ಯಪುಗಳ ಬಟನ್ನು, ಕಂಪನಿಗಳ ಲೋಗೊ, ಬಹುಪಾಲು ಇಂಗ್ಲಿಷ್. ಸಂಬಳ ಬರುತ್ತದೆ, ಹೋಗಬೇಡಿ ಎನ್ನಲು ನಾವು ಯಾರು.

ಬಸ್ಸುಗಳಿಗೂ ಈಗ ಎಲ್‌ಇಡಿ ಬೋರ್ಡು ಬರುತ್ತಿವೆ. ಚುಕ್ಕಿಗಳ ಸಾಲು ಎಣಿಕೆಯವು; ಅಕ್ಷರಕ್ಕೇ ಬಹುಪಾಲು ಖರ್ಚಾಗಿ ಒತ್ತಿಗೆ ಮೂರೋ ನಾಲ್ಕೋ ಸಾಲು ಉಳಿದರೆ ಹೆಚ್ಚು. ಅಷ್ಟರಲ್ಲೇ ‘ನ’ದ ಒತ್ತನ್ನೂ ‘ಯ’ದ ಒತ್ತನ್ನೂ ಬೇರೆಬೇರೆಯಾಗಿ ಕಾಣಿಸುವಂತೆ ಚುಕ್ಕಿ ಜೋಡಿಸುವುದು ಸಣ್ಣ ಕೆಲಸವಲ್ಲ. ಜಗಳೂರಿಗೆ ತೊಂದರೆಯಿಲ್ಲ. ನ್ಯಾಮತಿಗೆ ಯಾರಾದರೂ ಕೂತು ಮಾಡಬೇಕು.