ಡಯಾಪರ್ ಬಿಡಿಸುವ ವಯಸ್ಸಿನ ಮಗುವಿಗೆ ವಾಸಿಯಾಗದ ದದ್ದು: ಮೊದಲು ಚರ್ಮ, ಆಮೇಲೆ ಅಭ್ಯಾಸ

ಮೇ ತಿಂಗಳ ರಜೆಯಲ್ಲಿ ಊರಿಗೆ ಹೋದ ಎರಡೂವರೆ ವರ್ಷದ ಮಗು ಉಡುಪಿ, ಕುಂದಾಪುರ ಕಡೆಯ ಅಜ್ಜಿಯ ಮನೆಯ ಅಂಗಳದಲ್ಲಿ ಚಡ್ಡಿಯ ಹಂಗಿಲ್ಲದೆ ಓಡಾಡಿಕೊಂಡಿರುತ್ತದೆ. ಅಲ್ಲಿ ಡಯಾಪರ್ ಇಲ್ಲ, ದದ್ದೂ ಇಲ್ಲ. ಜೂನ್ ಮೊದಲ ವಾರ ಜೋಗೇಶ್ವರಿಗೆ ಮರಳಿದ ಹತ್ತು ಹದಿನೈದು ದಿನಗಳಲ್ಲೇ ತೊಡೆಸಂದು ಮತ್ತೆ ಕೆಂಪಾಗುತ್ತದೆ. ಮುಂಬಯಿಯಲ್ಲಿ ಶಾಲೆಗಳು ತೆರೆಯುವುದು ಜೂನ್ ಮಧ್ಯಭಾಗದಲ್ಲಿ. ಮಳೆಗಾಲ ಕಾಲಿಡುವುದೂ ಅದೇ ಹೊತ್ತಿಗೆ. ನರ್ಸರಿಗೆ ಸೇರುವ ಮಗು ಡಯಾಪರ್ ಬಿಟ್ಟಿರಬೇಕೆಂದು ಅಪೇಕ್ಷಿಸುವ ಶಾಲೆಗಳು ಹಲವು. ಹೀಗಾಗಿ ಮಗುವಿಗೆ ಶೌಚದ ಅಭ್ಯಾಸ ಮಾಡಿಸಲು ಹೆತ್ತವರು ಅತ್ಯಂತ ಅವಸರಪಡುವ ಕಾಲವೂ, ಚರ್ಮ ಒಣಗಲು ಅತ್ಯಂತ ಪ್ರತಿಕೂಲವಾದ ಕಾಲವೂ ಈ ಮಹಾನಗರದಲ್ಲಿ ಒಂದೇ ಆಗಿಬಿಟ್ಟಿದೆ.

ಎಳೆ ಶಿಶುವಿನ ದದ್ದು ಬೇರೆ, ಶೌಚ ಕಲಿಯುತ್ತಿರುವ ಮಗುವಿನ ದದ್ದು ಬೇರೆ. ಶಿಶುವಿನ ದದ್ದು ಸಾಮಾನ್ಯವಾಗಿ ಎರಡು ಮೂರು ದಿನಗಳ ಆರೈಕೆಯಿಂದ ಇಳಿಯುತ್ತದೆ. ಕಲಿಯುವ ವಯಸ್ಸಿನ ಮಗುವಿನಲ್ಲಿ ಅದು ವಾರಗಟ್ಟಲೆ ಉಳಿದರೆ ಅದಕ್ಕೊಂದು ಕಾರಣ ಇದ್ದೇ ಇರುತ್ತದೆ. ಆ ಕಾರಣವನ್ನು ಹುಡುಕದೆ ಮುಲಾಮಿನ ಮೇಲೆ ಮುಲಾಮು ಬದಲಾಯಿಸುತ್ತ ಹೋದರೆ ಮಗು ನರಳುವುದಷ್ಟೇ ಅಲ್ಲ, ಶೌಚದ ಅಭ್ಯಾಸವೂ ಹಿಂದೆ ಬೀಳುತ್ತದೆ.

ದದ್ದು ಏಕೆ ಬರುತ್ತದೆ ಎಂಬುದರ ಕುರಿತು ವಿಜ್ಞಾನದ ಅಭಿಪ್ರಾಯವೂ ಕಾಲಕಾಲಕ್ಕೆ ಬದಲಾಗಿದೆ. 1921ರಲ್ಲಿ ಅಮೆರಿಕದ ವೈದ್ಯ ಜೆ. ವಿ. ಕುಕ್ ಅವರು, ಮಲದಲ್ಲಿರುವ ಒಂದು ಬಗೆಯ ಬ್ಯಾಕ್ಟೀರಿಯಾ ಮೂತ್ರದಿಂದ ಅಮೋನಿಯಾ ಉತ್ಪಾದಿಸುತ್ತದೆಂದೂ ಅದೇ ಚರ್ಮವನ್ನು ಸುಡುತ್ತದೆಂದೂ ಪ್ರತಿಪಾದಿಸಿದರು. ಬೆಳಗ್ಗೆ ಡಯಾಪರ್ ಬಿಚ್ಚಿದಾಗ ಮೂಗಿಗೆ ಹೊಡೆಯುವ ವಾಸನೆಯನ್ನು ಬಲ್ಲ ಯಾವ ತಾಯಿಗೂ ಇದು ಸರಿಯೆಂದೇ ತೋರುವುದು ಸಹಜ. ಆದರೆ 1977ರಲ್ಲಿ ಲೇಡನ್ ಮತ್ತು ಸಂಗಡಿಗರು ದದ್ದು ಇರುವ ಮಕ್ಕಳಲ್ಲೂ ಇಲ್ಲದ ಮಕ್ಕಳಲ್ಲೂ ಅಮೋನಿಯಾದ ಪ್ರಮಾಣ ಹೆಚ್ಚು ಕಡಿಮೆ ಒಂದೇ ಎಂದು ತೋರಿಸಿದರು. 1986ರಲ್ಲಿ ಬರ್ಗ್, ಬಕಿಂಗ್‌ಹ್ಯಾಮ್ ಮೊದಲಾದವರ ಸಂಶೋಧನೆಯಿಂದ ನಿಜಸ್ಥಿತಿ ಸ್ಪಷ್ಟವಾಯಿತು. ಮೂತ್ರವೂ ಮಲವೂ ಕೂಡಿದಾಗ ಅಮೋನಿಯಾ ಉಂಟಾಗಿ ಚರ್ಮದ ಸಹಜ ಆಮ್ಲೀಯತೆ ತಗ್ಗುತ್ತದೆ; ಆಗ ಮಲದಲ್ಲಿರುವ ಜೀರ್ಣಕಾರಕ ಕಿಣ್ವಗಳು ಚುರುಕಾಗಿ, ನೆಂದು ಮೆತ್ತಗಾದ ಚರ್ಮದ ಮೇಲೆಯೇ ತಮ್ಮ ಕೆಲಸ ಆರಂಭಿಸುತ್ತವೆ. ಊಟವನ್ನು ಕರಗಿಸಬೇಕಾದ ದ್ರವ್ಯ ಚರ್ಮವನ್ನು ಕರಗಿಸುತ್ತದೆ ಎನ್ನಬಹುದು. ಆದುದರಿಂದ ಮೂತ್ರದಲ್ಲಿ ಒದ್ದೆಯಾದ ಡಯಾಪರ್ ಸ್ವಲ್ಪ ಹೊತ್ತು ತಡೆದೀತು. ಮಲ ತಗಲಿದ ಡಯಾಪರ್ ಐದು ನಿಮಿಷವೂ ಕಾಯಬಾರದು.

ಇನ್ನು ನಮ್ಮ ಮನೆಗಳತ್ತ ಬರೋಣ. ಮೇಘವಾಡಿ, ಮಜಾಸ್‌ವಾಡಿ, ನಟ್ವರ್ ನಗರದ ಚಾಳುಗಳಿರಲಿ, ಪಶ್ಚಿಮದ ಹೊಸ ಗೋಪುರ ಕಟ್ಟಡಗಳಿರಲಿ, ಜುಲೈಯಲ್ಲಿ ಗಾಳಿಯ ತೇವಾಂಶ ಶೇ. 80ನ್ನು ದಾಟಿರುತ್ತದೆ. ತೊಳೆದ ಬಟ್ಟೆ ಮೂರು ದಿನವಾದರೂ ಪೂರ್ತಿ ಒಣಗದು. ನಳ್ಳಿಯ ನೀರು ನಿಗದಿತ ಹೊತ್ತಿಗೆ ಮಾತ್ರ ಬರುವಲ್ಲಿ ಬಟ್ಟೆಗಳನ್ನು ಎರಡೆರಡು ಬಾರಿ ಜಾಲಾಡಿಸುವುದೂ ಕಷ್ಟ. ಡಿಟರ್ಜೆಂಟಿನ ಅಂಶ ಚಡ್ಡಿಯಲ್ಲೇ ಉಳಿಯುತ್ತದೆ. ತಂದೆ ತಾಯಿ ಇಬ್ಬರೂ ದುಡಿಯುವ ಮನೆಯ ಮಗು ಪಾಳಣಾಘರ್‌ನಲ್ಲಿ ಎಂಟು ಹತ್ತು ಗಂಟೆ ಡಯಾಪರ್‌ನಲ್ಲಿದ್ದು, ಸಂಜೆ ಮನೆಗೆ ಬಂದ ಮೇಲೆ ಚಡ್ಡಿಯಲ್ಲಿ 'ಅಭ್ಯಾಸ' ಮಾಡುತ್ತದೆ, ರಾತ್ರಿ ಮತ್ತೆ ಡಯಾಪರ್. ಹೀಗೆ ಅರ್ಧ ಕಲಿತ ಮಗುವಿನ ಚರ್ಮಕ್ಕೆ ದಿನದಲ್ಲಿ ಒಣಗುವ ಹೊತ್ತೆಂಬುದೇ ಇರುವುದಿಲ್ಲ. ಆಟದ ಮಧ್ಯೆ ನಾಲ್ಕು ಹನಿ ತೊಟ್ಟಿಕ್ಕಿದ ಚಡ್ಡಿಯನ್ನು ಯಾರೂ ಗಮನಿಸುವುದಿಲ್ಲ. ಡಯಾಪರ್ ಆದರೂ ತೇವವನ್ನು ಒಳಗೆ ಹೀರಿಕೊಳ್ಳುತ್ತದೆ, ಒದ್ದೆ ಚಡ್ಡಿ ತೊಡೆಗೆ ಅಂಟಿಕೊಂಡು ಉಜ್ಜುತ್ತಲೇ ಇರುತ್ತದೆ.

ದದ್ದು ಹಟ ಹಿಡಿದು ನಿಂತಾಗ ಅದು ಎಲ್ಲಿದೆ ಎಂದು ಬೆಳಕಿನಲ್ಲಿ ನೋಡುವುದು ಅಗತ್ಯ. ತೇವ ಮತ್ತು ಉಜ್ಜುವಿಕೆಯಿಂದಾದ ದದ್ದು ಪೃಷ್ಠದ ಉಬ್ಬು, ತೊಡೆಯ ಒಳಭಾಗ, ಕೆಳಹೊಟ್ಟೆ ಮುಂತಾಗಿ ಡಯಾಪರ್ ತಾಗುವ ಕಡೆಗಳಲ್ಲಿ ಹೆಚ್ಚು. ತೊಡೆಸಂದಿನ ಮಡಿಕೆಯ ಒಳಗೆ ಚರ್ಮ ಬಹುಮಟ್ಟಿಗೆ ಸರಿಯಾಗಿರುತ್ತದೆ. ಮಡಿಕೆಯೊಳಗೇ ಗಾಢ ಕೆಂಪಾಗಿ, ಸುತ್ತಲೂ ಬಿಡಿ ಬಿಡಿಯಾಗಿ ಸಣ್ಣ ಕೆಂಪು ಗುಳ್ಳೆಗಳು ಚೆದುರಿದ್ದರೆ ಅದು ಕ್ಯಾಂಡಿಡಾ ಎಂಬ ಶಿಲೀಂಧ್ರದ ಸೋಂಕಾಗಿರುವ ಸಂಭವ ಹೆಚ್ಚು. ಕೆಮ್ಮು ಜ್ವರಗಳಿಗೆ ಆಂಟಿಬಯೋಟಿಕ್ ಕೊಟ್ಟ ನಂತರ ಇದು ಕಾಣಿಸಿಕೊಳ್ಳುವುದು ಸಾಮಾನ್ಯ. ಗುದದ್ವಾರದ ಸುತ್ತ ಮಾತ್ರ ಗೆರೆ ಎಳೆದಂತೆ ಉಜ್ವಲ ಕೆಂಪಾಗಿದ್ದು, ಮಲವಿಸರ್ಜನೆಯ ವೇಳೆ ಮಗು ನೋವಿನಿಂದ ಚೀರುತ್ತಿದ್ದರೆ, ಮಲದ ಮೇಲೆ ರಕ್ತದ ಗೆರೆ ಕಂಡರೆ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾವನ್ನು ಶಂಕಿಸಬೇಕಾಗುತ್ತದೆ. ಇದಕ್ಕೆ ಹೊರಗಿನ ಮುಲಾಮು ಸಾಲದು. ವೈದ್ಯರು ಹೊಟ್ಟೆಗೇ ಔಷಧ ಕೊಡಬೇಕಾಗುತ್ತದೆ. ರಾತ್ರಿ ಮಾತ್ರ ಗುದದಲ್ಲಿ ತುರಿಕೆ ಇದ್ದರೆ ಅದು ಜಂತುಹುಳುವಿನ ಲಕ್ಷಣವಿರಬಹುದು.

ಇವೆಲ್ಲಕ್ಕಿಂತ ಹೆಚ್ಚಾಗಿ ಕಣ್ತಪ್ಪಿ ಹೋಗುವ ಕಾರಣವೊಂದಿದೆ. ಉರಿಯುವ ಚರ್ಮಕ್ಕೆ ಮಲ ತಗಲಿದಾಗ ಆಗುವ ನೋವನ್ನು ಮಗು ಮರೆಯುವುದಿಲ್ಲ. ಮರುದಿನ ಒತ್ತಡ ಬಂದಾಗ ಅದು ಕಾಲು ಬಿಗಿಹಿಡಿದು, ಬಾಗಿಲ ಹಿಂದೆ ಅಡಗಿ, ತುದಿಗಾಲಲ್ಲಿ ನಿಂತು ಮಲವನ್ನು ತಡೆಯುತ್ತದೆ. ಮನೆಯವರು ಮಗು ಶೌಚಕ್ಕೆ ಪ್ರಯತ್ನಿಸುತ್ತಿದೆ ಎಂದು ತಿಳಿಯುತ್ತಾರೆ. ವಾಸ್ತವದಲ್ಲಿ ಅದು ತಡೆಯಲು ಪ್ರಯತ್ನಿಸುತ್ತಿರುತ್ತದೆ. ತಡೆದ ಮಲ ಒಳಗೇ ಗಟ್ಟಿಯಾಗುತ್ತದೆ. ಮೂರು ನಾಲ್ಕು ದಿನಗಳಾದ ಮೇಲೆ ಆ ಗಟ್ಟಿ ಮಲದ ಪಕ್ಕದಿಂದ ತೆಳ್ಳನೆಯ ಮಲ ಸ್ವಲ್ಪ ಸ್ವಲ್ಪವಾಗಿ ಮಗುವಿಗೆ ಅರಿವಿಲ್ಲದೆಯೇ ಚಡ್ಡಿಗೆ ಸೋರುತ್ತದೆ. ಇದನ್ನು ಕಂಡ ಹೆತ್ತವರು ಭೇದಿಯೆಂದು ಭಾವಿಸಿ ಭೇದಿ ನಿಲ್ಲಿಸುವ ಔಷಧ ಕೊಡುವುದೂ ಉಂಟು, ಹಟಮಾರಿತನವೆಂದು ಮಗುವಿಗೆ ಎರಡೇಟು ಬಿಗಿಯುವುದೂ ಉಂಟು. ಎರಡೂ ತಪ್ಪು. ಸೋರುವ ಮಲ ದದ್ದನ್ನು ಕೆದಕುತ್ತದೆ, ದದ್ದಿನ ನೋವು ಮಲ ತಡೆಯುವಂತೆ ಮಾಡುತ್ತದೆ, ತಡೆದ ಮಲ ಮತ್ತೆ ಸೋರುತ್ತದೆ. ಈ ವರ್ತುಲ ಕಡಿಯದ ಹೊರತು ಯಾವ ದುಬಾರಿ ಮುಲಾಮೂ ಕೆಲಸಕ್ಕೆ ಬಾರದು.

ಕಡಿಯುವ ದಾರಿ ಸರಳವಾಗಿದ್ದರೂ ಹೆತ್ತವರ ಮನಸ್ಸಿಗೆ ಒಪ್ಪಿಗೆಯಾಗುವುದು ಕಷ್ಟ. ಚರ್ಮ ವಾಸಿಯಾಗುವ ತನಕ ಶೌಚದ ಅಭ್ಯಾಸವನ್ನು ನಿಲ್ಲಿಸಬೇಕು. ಎರಡು ವಾರ ನಿಲ್ಲಿಸಿದರೆ ಮಗು ಕಲಿತದ್ದನ್ನು ಮರೆತುಬಿಡುವುದೆಂಬ ಭಯ ಬೇಡ. ನೋವಿನಿಂದ ಕಲಿತ ಭಯವನ್ನು ಬಿಡಿಸಲು ತಗಲುವ ತಿಂಗಳುಗಳಿಗೆ ಹೋಲಿಸಿದರೆ ಎರಡು ವಾರ ಏನೂ ಅಲ್ಲ. ಶಾಲೆಯ ದಿನಾಂಕ ಹತ್ತಿರವಿದ್ದರೆ ಶಿಕ್ಷಕಿಯರಿಗೆ ವಿಷಯ ತಿಳಿಸಿ ಕಾಲಾವಕಾಶ ಕೇಳುವುದರಲ್ಲಿ ಸಂಕೋಚವೇಕೆ? ಹೆಚ್ಚಿನ ಮಕ್ಕಳು ಹಗಲಿನ ನಿಯಂತ್ರಣ ಪಡೆಯುವುದು ಎರಡರಿಂದ ಮೂರೂವರೆ ವರ್ಷದೊಳಗೆ. ರಾತ್ರಿ ಹಾಸಿಗೆ ಒದ್ದೆ ಮಾಡುವುದನ್ನು ಐದು ವರ್ಷದ ವರೆಗೆ ರೋಗವೆಂದು ಪರಿಗಣಿಸುವಂತಿಲ್ಲ.

ಆರೈಕೆಯಲ್ಲಿ ಮೊದಲನೆಯದು ತೊಳೆಯುವ ಕ್ರಮ. ಉಗುರುಬೆಚ್ಚಗಿನ ನೀರನ್ನು ಸುರಿದು ತೊಳೆದರೆ ಸಾಕು. ಸ್ನಾನದ ಸಾಬೂನುಗಳಲ್ಲಿ ಹೆಚ್ಚಿನವು ಕ್ಷಾರೀಯ. ದದ್ದು ಇರುವಾಗ ಅವು ಕಿಣ್ವಗಳಿಗೇ ಸಹಾಯ ಮಾಡಿದಂತಾಗುತ್ತದೆ. ಸ್ನಾನದ ನೀರಿಗೂ ಬಟ್ಟೆ ನೆನೆಸುವ ನೀರಿಗೂ ಒಂದು ಮುಚ್ಚಳ ಕ್ರಿಮಿನಾಶಕ ದ್ರಾವಣ ಹಾಕುವ ರೂಢಿ ನಮ್ಮಲ್ಲಿ ಗಟ್ಟಿಯಾಗಿ ಬೇರೂರಿದೆ. ಗಾಯಗೊಂಡ ಎಳೆ ಚರ್ಮಕ್ಕೆ ಅದು ಉರಿಯನ್ನಷ್ಟೇ ಕೊಡುತ್ತದೆ. ಸುವಾಸನೆಯ ಒದ್ದೆ ಕಾಗದಗಳನ್ನು ಪ್ರಯಾಣಕ್ಕೆ ಮೀಸಲಿಟ್ಟು, ಮನೆಯಲ್ಲಿ ನೀರನ್ನೇ ಬಳಸುವುದು ಲೇಸು. ತೊಳೆದ ಮೇಲೆ ಉಜ್ಜದೆ, ಹಳೆಯ ಹತ್ತಿ ಸೀರೆಯ ತುಂಡಿನಿಂದ ಒತ್ತಿ ಒತ್ತಿ ತೇವ ತೆಗೆಯಬೇಕು.

ಅನಂತರ ಗಾಳಿ. ಶನಿವಾರ, ಭಾನುವಾರ ಮನೆಯಲ್ಲಿರುವ ಹೊತ್ತು ರೆಕ್ಸಿನ್ ಹಾಳೆಯ ಮೇಲೆ ಹತ್ತಿಯ ಬಟ್ಟೆ ಹಾಸಿ, ಫ್ಯಾನಿನ ಕೆಳಗೆ ಮಗುವನ್ನು ಬರಿಮೈಯಲ್ಲಿ ಆಡಲು ಬಿಡಬಹುದು. ನೆಲ ಎರಡು ಸಲ ಒರೆಸಬೇಕಾದೀತು, ಅಷ್ಟೇ. ಮಳೆಗಾಲದಲ್ಲಿ ಚಡ್ಡಿಗಳನ್ನು ಇಸ್ತ್ರಿ ಹಾಕಿ ಪೂರ್ತಿ ಒಣಗಿಸಿಯೇ ತೊಡಿಸುವುದು ಚಾಳಿನ ಮನೆಯಲ್ಲೂ ಸಾಧ್ಯವಾಗುವ ಉಪಾಯ.

ಮೂರನೆಯದು ಚರ್ಮಕ್ಕೆ ರಕ್ಷೆ. ಝಿಂಕ್ ಆಕ್ಸೈಡ್ ಇರುವ ದಪ್ಪ ಲೇಪ ಅಥವಾ ಪೆಟ್ರೋಲಿಯಮ್ ಜೆಲ್ಲಿ ಸಾಕು. ಇದನ್ನು ಕ್ರೀಮಿನಂತೆ ತೆಳ್ಳಗೆ ತಿಕ್ಕಿ ಒಳಗಿಳಿಸುವುದಲ್ಲ. ಅಡಿಯ ಚರ್ಮ ಕಾಣದಂತೆ ಗೋಡೆಗೆ ಸುಣ್ಣ ಬಳಿದ ಹಾಗೆ ಬಳಿಯಬೇಕು. ಮುಂದಿನ ಸಲ ತೊಳೆಯುವಾಗ ಕೊಳೆಯಾದ ಮೇಲ್ಪದರವನ್ನು ಮಾತ್ರ ಸ್ವಲ್ಪ ಎಣ್ಣೆ ಸವರಿದ ಹತ್ತಿಯಿಂದ ತೆಗೆದು, ಉಳಿದ ಲೇಪದ ಮೇಲೆ ಹೊಸತನ್ನು ಹಚ್ಚಬೇಕು. ಪೂರ್ತಿ ಕೆರೆದು ತೆಗೆಯಲು ಹೋದರೆ ಹೊಸ ಚರ್ಮವೂ ಕಿತ್ತುಬರುತ್ತದೆ. ಶಿಲೀಂಧ್ರಕ್ಕೆ ವೈದ್ಯರು ಕ್ಲೋಟ್ರಿಮಜೋಲ್ ಅಥವಾ ಮೈಕೋನಜೋಲ್ ಮುಲಾಮು ಬರೆದುಕೊಟ್ಟಿದ್ದರೆ ಅದನ್ನು ಮೊದಲು ಹಚ್ಚಿ, ಅದರ ಮೇಲೆ ಝಿಂಕ್ ಲೇಪವನ್ನು ಹಚ್ಚುವುದು ಕ್ರಮ. ಕೆಂಪು ಹೋಯಿತೆಂದು ಮೂರನೆಯ ದಿನವೇ ಮುಲಾಮು ನಿಲ್ಲಿಸಿದರೆ ಅದು ಮರಳುತ್ತದೆ. ಅಜ್ಜಿಯ ತೆಂಗಿನೆಣ್ಣೆ ಸಾಧಾರಣ ದದ್ದಿಗೆ ತಕ್ಕ ಮಟ್ಟಿಗೆ ಒಳ್ಳೆಯದೇ. ಬಿರಿದ ಚರ್ಮಕ್ಕೆ ಅರಸಿನ ಮತ್ತು ಬೋರಿಕ್ ಆಮ್ಲವಿರುವ ಪುಡಿ ಅಥವಾ ಕ್ರೀಮ್ ಬೇಡ. ಬೋರಿಕ್ ಆಮ್ಲ ಗಾಯದ ಮೂಲಕ ರಕ್ತಕ್ಕೆ ಸೇರುತ್ತದೆ. ಟಾಲ್ಕಂ ಪೌಡರ್ ಕೂಡ ಬೇಡ, ಅದರ ಧೂಳು ಮಗುವಿನ ಶ್ವಾಸಕೋಶಕ್ಕೆ ಹೋಗುತ್ತದೆ.

ಇಲ್ಲಿ ಔಷಧದಂಗಡಿಯ ಟ್ಯೂಬಿನ ಬಗ್ಗೆ ಒಂದು ಮಾತು ಬಿಡಿಸಿ ಹೇಳಲೇಬೇಕು. ತಂದೆಯ ಗಜಕರ್ಣಕ್ಕೆಂದು ತಂದಿಟ್ಟ ಮುಲಾಮನ್ನು ಮಗುವಿಗೂ ಹಚ್ಚುವ ಮನೆಗಳಿವೆ. ಇಂತಹ ಮಿಶ್ರ ಮುಲಾಮುಗಳಲ್ಲಿ ಶಿಲೀಂಧ್ರನಾಶಕ, ಆಂಟಿಬಯೋಟಿಕ್‌ಗಳ ಜೊತೆಗೆ ಬೀಟಾಮೆಥಾಸೋನ್ ಅಥವಾ ಕ್ಲೋಬೆಟಾಸೋಲ್‌ನಂತಹ ಪ್ರಬಲ ಸ್ಟಿರಾಯ್ಡ್ ಇರುತ್ತದೆ. ಹಚ್ಚಿದ ಮರುದಿನವೇ ಕೆಂಪು ಮಾಯವಾಗುವುದರಿಂದ ಇದೇ ರಾಮಬಾಣವೆನಿಸುತ್ತದೆ. ನಿಲ್ಲಿಸಿದ ನಾಲ್ಕನೆಯ ದಿನ ದುಪ್ಪಟ್ಟಾಗಿ ಮರಳುತ್ತದೆ. ಡಯಾಪರ್ ಮುಚ್ಚಿದ ಚರ್ಮ ಸ್ಟಿರಾಯ್ಡನ್ನು ಸಾಮಾನ್ಯಕ್ಕಿಂತ ಹೆಚ್ಚು ಹೀರಿಕೊಳ್ಳುತ್ತದೆ. ಚರ್ಮ ತೆಳ್ಳಗಾಗುತ್ತದೆ, ದೀರ್ಘಕಾಲ ಹಚ್ಚಿದರೆ ಮಗುವಿನ ದೇಹದ ಸ್ವಂತ ಹಾರ್ಮೋನಿನ ಮೇಲೂ ಪರಿಣಾಮವಾಗಬಹುದು. 2018ರಲ್ಲಿ ಕೇಂದ್ರ ಸರಕಾರವು ಇಂತಹ 14 ಸ್ಟಿರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ಶೆಡ್ಯೂಲ್ 'ಎಚ್' ವ್ಯಾಪ್ತಿಗೆ ತಂದಿತು. ನಿಯಮವಿದ್ದರೂ ಕೇಳಿದವರಿಗೆ ಟ್ಯೂಬ್ ಸಿಗುವುದು ತಪ್ಪಿಲ್ಲ. ಮನೆಯಲ್ಲಿರುವ ಟ್ಯೂಬಿನ ಸಣ್ಣ ಅಕ್ಷರಗಳನ್ನು ಒಮ್ಮೆ ಓದಿ ನೋಡಿ.

ಮಲಬದ್ಧತೆಯ ಕುರಿತು ನಮ್ಮ ಹಿರಿಯರಲ್ಲಿ ಎರಡು ಉಪಾಯಗಳಿದ್ದವು: ಹರಳೆಣ್ಣೆಯಲ್ಲಿ ಅದ್ದಿದ ವೀಳ್ಯದೆಲೆಯ ತೊಟ್ಟು, ಮತ್ತು ಸಾಬೂನಿನ ಚೂರು. ಹುಣ್ಣಾದ ಗುದಕ್ಕೆ ಇವೆರಡನ್ನೂ ತಾಗಿಸಬಾರದು. ಮಗುವಿನ ಭಯ ಇನ್ನಷ್ಟು ಹೆಚ್ಚುತ್ತದೆ. ದಿನಕ್ಕೆ ನಾಲ್ಕೈದು ಲೋಟ ಹಾಲು ಕುಡಿಯುವ ಮಗುವಿಗೆ ಹಾಲನ್ನು ಎರಡು ಲೋಟಕ್ಕೆ ಇಳಿಸಿ, ನೀರು, ಪಪ್ಪಾಯಿ, ಬೇಳೆ, ಸೊಪ್ಪು, ಗಂಜಿ ಕೊಡಬಹುದು. ಅಷ್ಟರಿಂದ ಮಲ ಮೆತ್ತಗಾಗದಿದ್ದರೆ ಲ್ಯಾಕ್ಟುಲೋಸ್‌ನಂತಹ ಔಷಧವನ್ನು ವೈದ್ಯರು ಕೆಲವು ವಾರಗಳ ಕಾಲ ಕೊಡುತ್ತಾರೆ. ಅದನ್ನು ಅರ್ಧದಲ್ಲೇ ನಿಲ್ಲಿಸಬಾರದು.

ಚರ್ಮ ತಿಳಿಯಾದ ಮೇಲೆ ಅಭ್ಯಾಸವನ್ನು ಮತ್ತೆ ಆರಂಭಿಸಬಹುದು. ಅಜ್ಜಿಯರು ಎರಡೂ ಪಾದಗಳನ್ನು ಜೋಡಿಸಿ ಆಸನ ಮಾಡಿ, ಮಗುವನ್ನು ಅದರ ಮೇಲೆ ಕೂರಿಸಿ 'ಶ್ಶ್' ಎನ್ನುತ್ತಿದ್ದ ಪದ್ಧತಿಯಲ್ಲಿ ಒಂದು ಸೂಕ್ಷ್ಮವಿತ್ತು: ಮಗುವಿನ ಪಾದಕ್ಕೆ ಆಧಾರವಿತ್ತು, ಬೀಳುವ ಭಯವಿರಲಿಲ್ಲ. ಇಂದಿನ ಎತ್ತರದ ಕಮೋಡಿನ ಮೇಲೆ ಕಾಲು ನೇತಾಡುವ ಮಗುವಿಗೆ ಮುಕ್ಕಲು ಬಲವೇ ಸಿಗದು. ಕಾಲಡಿಗೆ ಒಂದು ಸ್ಟೂಲು ಬೇಕು. ಚಾಳಿನ ಸಾಮೂಹಿಕ ಶೌಚಾಲಯದ ಕತ್ತಲೆ ಮತ್ತು ದೊಡ್ಡ ಗುಂಡಿಗೆ ಹೆದರುವ ಮಗುವಿಗೆ ಬಚ್ಚಲಿನ ಮೂಲೆಯಲ್ಲೊಂದು ಸಣ್ಣ ಪಾಟಿ ಇಡುವುದು ಒಳಿತು. ಊಟವಾದ ಹತ್ತು ಹದಿನೈದು ನಿಮಿಷಕ್ಕೆ ಕರುಳು ತಾನಾಗಿಯೇ ಚಲಿಸುವುದರಿಂದ ಆ ಹೊತ್ತಿಗೆ ಐದು ನಿಮಿಷ ಕೂರಿಸಿದರೆ ಸಾಕು. ಏನೂ ಆಗದಿದ್ದರೂ ಎಬ್ಬಿಸಿಬಿಡಬೇಕು. ಪಾಳಣಾಘರ್‌ನವರಿಗೂ ಇದೇ ವೇಳಾಪಟ್ಟಿಯನ್ನು ತಿಳಿಸಿ, ಝಿಂಕ್ ಲೇಪದ ಡಬ್ಬಿಯೊಂದನ್ನು ಅಲ್ಲಿಯೇ ಇಡುವುದು ಉತ್ತಮ.

ಮೇಲಿನ ಆರೈಕೆಯಿಂದ ಮೂರು ನಾಲ್ಕು ದಿನಗಳಲ್ಲಿ ಗುಣ ಕಾಣದಿದ್ದರೆ ವೈದ್ಯರಿಗೆ ತೋರಿಸಬೇಕು. ಕೀವು, ನೀರುಗುಳ್ಳೆ, ರಕ್ತ ಒಸರುವಿಕೆ ಅಥವಾ ಜ್ವರವಿದ್ದರೆ ಅಷ್ಟೂ ಕಾಯಬಾರದು. ಬಾಯಿಯ ಸುತ್ತಲೂ ಅಂತಹುದೇ ದದ್ದಿದ್ದು ಕೂದಲು ಉದುರುತ್ತಿದ್ದರೆ ದೇಹದಲ್ಲಿ ಸತುವಿನ ಕೊರತೆಯನ್ನೂ, ಮಗು ವಿಪರೀತ ನೀರು ಕುಡಿದು ವಿಪರೀತ ಮೂತ್ರ ಮಾಡುತ್ತ ತೂಕ ಕಳೆದುಕೊಳ್ಳುತ್ತಿದ್ದರೆ ಮಧುಮೇಹವನ್ನೂ ಪರೀಕ್ಷಿಸಬೇಕಾಗುತ್ತದೆ. ಮಧುಮೇಹದ ಶಂಕೆಯಿದ್ದಲ್ಲಿ ಅದೇ ದಿನ ರಕ್ತದ ಸಕ್ಕರೆ ನೋಡಿಸಬೇಕು. ಜೋಗೇಶ್ವರಿಯವರಿಗೆ ಹತ್ತಿರದಲ್ಲಿ ಪೂರ್ವದ ಹೆದ್ದಾರಿ ಬದಿಯ ಬಾಳಾಸಾಹೇಬ್ ಠಾಕ್ರೆ ಟ್ರಾಮಾ ಕೇರ್ ಆಸ್ಪತ್ರೆಯೂ, ಮಕ್ಕಳ ಹಾಗೂ ಚರ್ಮರೋಗ ವಿಭಾಗಗಳೆರಡೂ ಇರುವ ವಿಲೇಪಾರ್ಲೆಯ ಕೂಪರ್ ಆಸ್ಪತ್ರೆಯೂ ಇವೆ. ಎರಡೂ ಮಹಾನಗರಪಾಲಿಕೆಯವು. ಹೋಗುವಾಗ ಅದುವರೆಗೆ ಹಚ್ಚಿದ ಎಲ್ಲ ಮುಲಾಮುಗಳ ಟ್ಯೂಬುಗಳನ್ನೂ, ಖಾಲಿಯಾದವನ್ನು ಸಹ, ಒಂದು ಚೀಲದಲ್ಲಿ ಹಾಕಿ ಕೊಂಡೊಯ್ಯಬೇಕು; ಮಗು ಕೊನೆಯ ಸಲ ಸರಿಯಾಗಿ ಮಲವಿಸರ್ಜನೆ ಮಾಡಿದ ದಿನವನ್ನೂ ನೆನಪಿಟ್ಟು ಹೇಳಬೇಕು.