ಮಟಮಾರಿಯ ಬಿಸಿಲಲ್ಲಿ ಹನ್ನೆರಡು ಸಾವಿರದ ಫೋನ್

"ಹನ್ನೆರಡು ಸಾವಿರದ ಫೋನ್ ರೀ. ಡಬ್ಬಿ ಮ್ಯಾಲ 8+8 ಜಿಬಿ ರ್‍ಯಾಮ್ ಅಂತ ಬರದಾರ. ಬಿಜಿಎಂಐ ಆಟ ಮೊದಲ ಹತ್ತು ನಿಮಿಷ ಚಲೋ ಓಡ್ತದ, ಆಮ್ಯಾಲ ಹ್ಯಾಂಗ್ ಆಗ್ತದ. ಯಾಕ್ರೀ?" ಗುಂತಕಲ್ ರೈಲು ಮಾರ್ಗದ ಮಟಮಾರಿಯಿಂದ ಓದುಗರೊಬ್ಬರು ಕೇಳಿದ್ದಾರೆ. ರ್‍ಯಾಮಿನ ಮಾತು ಆಮೇಲೆ. ಮೊದಲು ಬಿಸಿಯ ಮಾತು.

ಚಿಪ್ ಬಳಸುವ ವಿದ್ಯುತ್ತೆಲ್ಲ ಕೊನೆಗೆ ಬಿಸಿಯಾಗಿಯೇ ಹೊರಬರಬೇಕು. ಶಕ್ತಿನಗರದ 1720 ಮೆಗಾವ್ಯಾಟ್‌ನ ಆರ್‌ಟಿಪಿಎಸ್ ವಿದ್ಯುತ್ ಸ್ಥಾವರಕ್ಕೆ ತಂಪಾಗಲು ಕೃಷ್ಣೆಯ ನೀರಿದೆ. ಲ್ಯಾಪ್‌ಟಾಪಿಗೆ ಫ್ಯಾನ್ ಇದೆ. ಅಗ್ಗದ ಫೋನಿಗೆ ಎರಡೂ ಇಲ್ಲ. ಬೆನ್ನು ಮತ್ತು ಗಾಜಿನ ಮೂಲಕ ಬಿಸಿ ಸುತ್ತಲಿನ ಗಾಳಿಗೆ ದಾಟಬೇಕು. ಎಷ್ಟು ದಾಟುತ್ತದೆ ಎಂಬುದು ಫೋನಿಗೂ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ಬಿಟ್ಟದ್ದು. ಫೋನಿನ ಮೈ 45 ಡಿಗ್ರಿ ಮೀರಬಾರದೆಂದು ಮಿತಿ ಹಾಕಿದ್ದಾರೆ ಎಂದುಕೊಳ್ಳಿ. 27 ಡಿಗ್ರಿಯ ಕೋಣೆಯಲ್ಲಿ ಅಂತರ 18. ಬೇಸಿಗೆಯ ಮಧ್ಯಾಹ್ನ 42 ಡಿಗ್ರಿ ಇದ್ದಾಗ ಅಂತರ ಬರೀ 3. ಅದೇ ಫೋನ್ ಇಲ್ಲಿ ಸುಮಾರು ಆರರಲ್ಲಿ ಒಂದು ಪಾಲು ಬಿಸಿಯನ್ನಷ್ಟೇ ಹೊರಹಾಕಬಲ್ಲದು. ತಂಪು ಕೋಣೆಯಲ್ಲಿ ಮಾಡಿದ ಯೂಟ್ಯೂಬ್ ವಿಮರ್ಶೆಯನ್ನು ನಂಬಿ ರಾಯಚೂರು, ದೇವದುರ್ಗ, ಮಾನ್ವಿಯವರು ಗೇಮಿಂಗ್ ಫೋನ್ ಕೊಳ್ಳಬಾರದು ಎಂದು ನಾನು ಹೇಳುವುದು ಇದಕ್ಕೇ.

ಬಿಸಿ ಮಿತಿ ಮುಟ್ಟಿದೊಡನೆ ಚಿಪ್ ತಾನಾಗಿ ವೇಗ ತಗ್ಗಿಸುತ್ತದೆ. ಇದು ಥ್ರಾಟ್ಲಿಂಗ್. ವಿದ್ಯುತ್ ಬಳಕೆ ಚಿಪ್ಪಿನ ವೇಗಕ್ಕೂ ವೋಲ್ಟೇಜಿನ ವರ್ಗಕ್ಕೂ ಅನುಗುಣವಾಗಿರುವುದರಿಂದ, ಎರಡನ್ನೂ ಶೇ 20ರಷ್ಟು ಇಳಿಸಿದರೆ ಬಿಸಿ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಚಿಪ್ ಉಳಿಯುತ್ತದೆ, ಆಟ ತಡವರಿಸುತ್ತದೆ. ಮೊದಲ ಹತ್ತು ನಿಮಿಷ ಚಲೋ ಓಡುವುದು, ಅಷ್ಟು ಹೊತ್ತು ಫೋನಿನ ಮೈಯೇ ಬಿಸಿಯನ್ನು ಹೀರಿಕೊಳ್ಳುವುದರಿಂದ.

ಫೋನ್ ಚಿಪ್ಪುಗಳ ವಂಶ ಶುರುವಾದದ್ದೇ ಬಿಸಿಯ ಚಿಂತೆಯೊಂದಿಗೆ. ಆರ್‌ಟಿಪಿಎಸ್‌ನ ಮೊದಲ ಘಟಕ ಶುರುವಾದ 1985ರಲ್ಲೇ, ಏಪ್ರಿಲ್ 26ರಂದು, ಇಂಗ್ಲೆಂಡಿನ ಕೇಂಬ್ರಿಡ್ಜ್‌ನ ಏಕಾರ್ನ್ ಕಂಪನಿಯಲ್ಲಿ ಮೊದಲ ಆರ್ಮ್ ಚಿಪ್ ಕೆಲಸಕ್ಕೆ ತೊಡಗಿತು. ವಿನ್ಯಾಸ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರದು. ಸೆರಾಮಿಕ್ ಕವಚ ದುಬಾರಿ; ಅಗ್ಗದ ಪ್ಲಾಸ್ಟಿಕ್ ಕವಚ ಸಾಕಾಗಬೇಕಾದರೆ ಚಿಪ್ 1 ವ್ಯಾಟ್ ಮೀರುವಂತಿರಲಿಲ್ಲ. ಫರ್ಬರ್ ಕರೆಂಟು ಅಳೆಯಲು ಹೋದರೆ ಮೀಟರ್ ಸೊನ್ನೆ ತೋರಿಸಿತು. ನೋಡಿದರೆ, ಚಿಪ್ಪಿಗೆ ವಿದ್ಯುತ್ ಸಂಪರ್ಕವನ್ನೇ ಕೊಟ್ಟಿರಲಿಲ್ಲ! ಬೇರೆ ಪಿನ್ನುಗಳಿಂದ ಸೋರಿ ಬಂದ ಕರೆಂಟಿನಲ್ಲೇ ಅದು ಓಡುತ್ತಿತ್ತು. ಈ ಕಥೆಯನ್ನು ಎಷ್ಟು ಸಲ ಓದಿದರೂ ನನಗೆ ರೋಮಾಂಚನ. ಮಟಮಾರಿಯ ಆ ಫೋನಿನಲ್ಲಿರುವುದೂ ಇದೇ ವಂಶದ ಚಿಪ್.

ವಂಶ ಒಂದೇ ಆದರೂ ಎಲ್ಲ ಚಿಪ್ಪುಗಳೂ ಒಂದೇ ಸಮ ಕಾಯುವುದಿಲ್ಲ. ಹಾಗಾಗಿ ಅಂಗಡಿಯಲ್ಲಿ ಮೊದಲು ಚಿಪ್ಪಿನ ಹೆಸರು ಕೇಳಿ. ಹೀಲಿಯೊ ಜಿ85, ಯೂನಿಸಾಕ್ ಟಿ606 ಇವು 12 ನ್ಯಾನೋಮೀಟರ್ ತಲೆಮಾರಿನವು. ಹೀಲಿಯೊ ಜಿ99, ಡೈಮೆನ್ಸಿಟಿ 6300 ಇವು 6 ನ್ಯಾನೋಮೀಟರಿನವು. ಅದೇ ಕೆಲಸವನ್ನು ಕಡಿಮೆ ವಿದ್ಯುತ್ತಿನಲ್ಲಿ ಮುಗಿಸುತ್ತವೆ, ಕಡಿಮೆ ಕಾಯುತ್ತವೆ.

ಇನ್ನು ಆ '+8 ಜಿಬಿ'. ಅದು ರ್‍ಯಾಮ್ ಅಲ್ಲವೇ ಅಲ್ಲ. ಫೋಟೊ, ವಿಡಿಯೊ ಇಡುವ ಸ್ಟೋರೇಜಿನದೇ ಒಂದು ತುಂಡನ್ನು ರ್‍ಯಾಮಿನಂತೆ ಬಳಸುವ ಏರ್ಪಾಡು. ಸ್ಟೋರೇಜ್ ಇಎಂಎಂಸಿ 5.1 ಆಗಿದ್ದರೆ ಸೆಕೆಂಡಿಗೆ 400 ಎಂಬಿ ಅದರ ಗರಿಷ್ಠ ಮಿತಿ. ನಿಜವಾದ ರ್‍ಯಾಮ್ ಇದರ ಹತ್ತಾರು ಪಟ್ಟು ವೇಗದ್ದು. ಇಂಥ ಅಂಕಿಯನ್ನು ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಅಚ್ಚು ಹಾಕುವುದು ಕೊಳ್ಳುವವರಿಗೆ ಮಾಡುವ ಅನ್ಯಾಯ. ಇಎಂಎಂಸಿ ಬದಲು ಯುಎಫ್‌ಎಸ್ 2.2 ಸ್ಟೋರೇಜ್ ಇದೆಯೇ ಎಂದು ಕೇಳಿ. ಆ್ಯಪ್ ತೆರೆಯುವಾಗಲೇ ವ್ಯತ್ಯಾಸ ಗೊತ್ತಾಗುತ್ತದೆ.

ವಾಟ್ಸ್‌ಆ್ಯಪ್, ಫೋನ್‌ಪೇ, ಪಹಣಿ ನೋಡುವುದು, ಇಷ್ಟಕ್ಕೇ ಆದರೆ 12 ನ್ಯಾನೋಮೀಟರಿನ ಚಿಪ್ ಸಾಕು, ಹಣ ಉಳಿಸಿ. ಆಟವೂ ಬೇಕೆಂದರೆ 6 ನ್ಯಾನೋಮೀಟರಿನ ಚಿಪ್, ಯುಎಫ್‌ಎಸ್ ಸ್ಟೋರೇಜ್, ನಿಜವಾದ 6 ಜಿಬಿ ರ್‍ಯಾಮ್, ಇದಕ್ಕಿಂತ ಕೆಳಗಿಳಿಯಬೇಡಿ. ಕೊಳ್ಳುವ ಮೊದಲು ಅದೇ ಮಾದರಿ ಇರುವ ಗೆಳೆಯರ ಫೋನಿನಲ್ಲಿ ಮಧ್ಯಾಹ್ನದ ಹೊತ್ತು ಅರ್ಧ ಗಂಟೆ ಆಡಿ ನೋಡಿ. ಕೊನೆಯ ಹತ್ತು ನಿಮಿಷ ಹೇಗಿತ್ತೋ ಅದೇ ಆ ಫೋನಿನ ಯೋಗ್ಯತೆ. ಚಾರ್ಜಿಗೆ ಹಾಕಿಕೊಂಡು ಮಾತ್ರ ಆಡಬೇಡಿ: ಲಿಥಿಯಂ ಅಯಾನ್ ಬ್ಯಾಟರಿ ಬಿಸಿಯಲ್ಲಿ ಬೇಗ ಸವೆಯುತ್ತದೆ.