ತಂತ್ರಾಂಶದ ವಲಸೆ ಮತ್ತು ಜನಪದ ಪಠ್ಯ

ಒಂದು ಕಾರ್ಯಾಚರಣ ವ್ಯವಸ್ಥೆಯ ತಂತ್ರಾಂಶವನ್ನು ಬಳಕೆದಾರರು ಕಡಿಮೆಯಿರುವ ಮತ್ತೊಂದಕ್ಕೆ ಒಗ್ಗಿಸುವುದು ಕೇವಲ ನಕಲು ಕಾರ್ಯವಲ್ಲ. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಇದಕ್ಕೆ ನಿದರ್ಶನ. ವಿಂಡೋಸ್‌ನಲ್ಲಿ ರೂಢವಾದ ಅದರ ಕೀಲಿಮಣೆ ವಿನ್ಯಾಸ ಇಂದು ಲಿನಕ್ಸ್‌ನ ಮುಕ್ತ ಕೀಲಿಮಣೆ ಸಂಗ್ರಹದಲ್ಲಿ ‘ಕಗಪ’ ಎಂಬ ಹೆಸರಿನಲ್ಲಿಯೇ ದೊರೆಯುತ್ತದೆ. ಬೆರಳುಗಳ ಅಭ್ಯಾಸ ಹೀಗೆ ದಾಟಿಬಂದಿತು. ತೊಡಕಾದದ್ದು ಹಳೆಯ ಕಡತಗಳು.

ಮೂಡಲಪಾಳ್ಯದಂತಹ ಬೆಂಗಳೂರಿನ ಬಡಾವಣೆಗಳ ಡಿ.ಟಿ.ಪಿ. ಅಂಗಡಿಗಳಲ್ಲಿ ಅಕ್ಷರ ಜೋಡಣೆಗೊಂಡ ಪುಸ್ತಕಗಳು ಬಹುಮಟ್ಟಿಗೆ ಹಳೆಯ ಅಕ್ಷರ ಸಂಕೇತಗಳಲ್ಲಿವೆ. ಈ ವಿಧಾನದಲ್ಲಿ ಕನ್ನಡದ ಅಕ್ಷರಭಾಗಗಳು ರೋಮನ್ ಲಿಪಿಯ ಸ್ಥಾನಗಳಲ್ಲಿ ಕುಳಿತಿರುತ್ತವೆ. ಆ ಫಾಂಟು ಇಲ್ಲದ ಗಣಕದಲ್ಲಿ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳಷ್ಟೇ. 1991ರ ಯೂನಿಕೋಡ್ ಕನ್ನಡಕ್ಕೆ 128 ಸ್ಥಾನಗಳ ಪ್ರತ್ಯೇಕ ವಿಭಾಗವನ್ನು ನೀಡಿತು. ಆದರೆ ಸಂಕೇತಕ್ಕೆ ಸಂಕೇತವನ್ನು ಬದಲಿಸಿದರೆ ಸಾಲದು. ‘ಧರ್ಮ’ ಎಂಬಲ್ಲಿ ಹಳೆಯ ಕಡತವು ಅರ್ಕಾವತ್ತನ್ನು ಮಕಾರದ ನಂತರ ಇರಿಸುತ್ತದೆ. ಯೂನಿಕೋಡ್‌ನಲ್ಲಿ ರೇಫವು ಉಚ್ಚಾರಣೆಯ ಕ್ರಮದಂತೆ ಮೊದಲೇ ಬರಬೇಕು. ಪರಿವರ್ತಕವು ಹಿಂದಕ್ಕೆ ಸರಿದು ಕ್ರಮವನ್ನು ಮರುಹೊಂದಿಸಬೇಕಾಗುತ್ತದೆ.

ಜನಪದ ಪಠ್ಯಗಳಲ್ಲಿ ತೊಡಕು ಇನ್ನೂ ಹೆಚ್ಚು. ಶಿಷ್ಟ ಗದ್ಯದಲ್ಲಿ ಉಳಿದ ದೋಷವನ್ನು ನಿಘಂಟಿನ ನೆರವಿನಿಂದ ತಿದ್ದಬಹುದು. ಹಳೆಯ ಮೈಸೂರು ಸೀಮೆಯ ಗಾಯಕರು ‘ಹಾಲು’ ಎಂಬುದನ್ನು ‘ಆಲು’ ಎಂದೇ ಹಾಡುತ್ತಾರೆ. ಪದಪರೀಕ್ಷಕಕ್ಕೆ ಅದು ತಪ್ಪು, ಸಂಗ್ರಾಹಕನಿಗೆ ಅದೇ ಸಾಕ್ಷ್ಯ. ‘ತಿದ್ದಿದ’ ಪಠ್ಯ ಗ್ರಂಥಾಲಯ ಸೇರಿದರೆ ಗಾಯಕನ ನುಡಿರೂಪವೇ ಅಳಿಯುತ್ತದೆ. ಇಲ್ಲಿ ಮುಕ್ತ ತಂತ್ರಾಂಶದ ನಿಜವಾದ ಪ್ರಯೋಜನ ಬೆಲೆಯಲ್ಲಿಲ್ಲ (ಹಾಗೆ ಭಾವಿಸುವವರೇ ಹೆಚ್ಚು). ಪರಿವರ್ತನೆಯ ನಿಯಮಪಟ್ಟಿಯನ್ನು ವಿದ್ವಾಂಸರು ಸ್ವತಃ ಓದಿ ಬದಲಿಸಬಹುದು. ಪರಿವರ್ತಿತ ಪಠ್ಯವನ್ನು ಮೂಲ ಧ್ವನಿಮುದ್ರಣದೊಂದಿಗೆ ಹೋಲಿಸುವವರೆಗೆ ಹಳೆಯ ಕಡತವನ್ನೂ ಅದರ ಫಾಂಟನ್ನೂ ಒಟ್ಟಿಗೆ ಕಾಪಿಡುವುದು ಅವಶ್ಯ.